ಎರಡು ಕಣ್ಣಿಗೆ ಒಂದು ಕಾಡು

ಭಾಗಮಂಡಲದಿಂದ ಕರಿಕೆಗೆ ಇಳಿಯುವ ಘಟ್ಟದ ರಸ್ತೆಯುದ್ದಕ್ಕೂ ದಟ್ಟ ಕಾಡು. ಎಲೆಯ ಹಿಂದೆ ಎಲೆ, ನಡುವೆ ಮಂಜು, ಜೂನ್ ಬಂತೆಂದರೆ ಬಿಡದ ಮಳೆ. ವರ್ಚುವಲ್ ರಿಯಾಲಿಟಿ ಹೆಡ್‌ಸೆಟ್‌ಗೆ ಪಾಠದ ದೃಶ್ಯ ಕಟ್ಟುವವರ ಪಾಲಿಗೆ ಇದಕ್ಕಿಂತ ಕಠಿಣ ಪರೀಕ್ಷೆ ಬೇಕಿಲ್ಲ. ಕರ್ನಾಟಕ 2012ರಲ್ಲೇ ಆನಿಮೇಷನ್ ಮತ್ತು ಗೇಮಿಂಗ್ ಕ್ಷೇತ್ರಕ್ಕೆ ಪ್ರತ್ಯೇಕ ನೀತಿ ತಂದ ರಾಜ್ಯ. 2024ರ ನೀತಿಯ ಹೆಸರಿಗೆ ವಿಸ್ತರಿತ ವಾಸ್ತವವೂ (ಎಕ್ಸ್‌ಆರ್) ಸೇರಿತು. ಆದರೆ ಸಾಧನಗಳ ಬಗ್ಗೆ ನಡೆದಷ್ಟು ಚರ್ಚೆ, ಅವುಗಳೊಳಗೆ ಚಿತ್ರ ಯಾವ ಕ್ರಮದಲ್ಲಿ ರಚನೆಯಾಗಬೇಕು ಎಂಬ ಆಯ್ಕೆಯ ಬಗ್ಗೆ, ಅಂದರೆ ರೆಂಡರಿಂಗ್ ಮೋಡ್ ಬಗ್ಗೆ, ನಡೆದಿಲ್ಲ.

ಲೆಕ್ಕದ ಹೊರೆ

ಎರಡು ಕಣ್ಣಿಗೆ ತುಸು ಬೇರೆ ಬೇರೆ ಚಿತ್ರ ತೋರಿಸಿ ಆಳದ ಭ್ರಮೆ ಹುಟ್ಟಿಸುವ ಉಪಾಯವನ್ನು ಜಗತ್ತು 1838ರಿಂದ ಬಲ್ಲದು. ಕಂಪ್ಯೂಟರ್ ಚಿತ್ರವನ್ನು ತಲೆಗೆ ತೊಡಿಸುವ ಮೊದಲ ಪ್ರಯೋಗಗಳು 1968ರ ಹೊತ್ತಿಗೆ ನಡೆದವು. 2006ರಲ್ಲಿ ರೂಪುಗೊಂಡ ‘ಪ್ಲೇಸ್-ಹಂಪಿ’ ಪ್ರದರ್ಶನ, ಹಂಪಿಯನ್ನು ಆಳವುಳ್ಳ ಸುತ್ತುನೋಟವಾಗಿ ತೋರಿಸಿತ್ತು. ಅದು ಮೊದಲೇ ತೆಗೆದಿಟ್ಟ ಛಾಯಾಚಿತ್ರಗಳನ್ನು ಆಧರಿಸಿತ್ತು. ಆದರೆ ಹೆಡ್‌ಸೆಟ್‌ನಲ್ಲಿ ತಲೆ ತಿರುಗಿದ ಕ್ಷಣಕ್ಕೇ ಹೊಸ ಚಿತ್ರ ಹುಟ್ಟಬೇಕು.

2023ರಲ್ಲಿ ಬಂದ ಜನಪ್ರಿಯ ಸಾಧನವೊಂದರಲ್ಲಿ ಪ್ರತಿ ಕಣ್ಣಿಗೆ 2064x2208 ಬಿಂದುಗಳ ಪರದೆಯಿದೆ. ಸೆಕೆಂಡಿಗೆ 72 ಚಿತ್ರಗಳೆಂದರೂ 65 ಕೋಟಿಗೂ ಹೆಚ್ಚು ಬಿಂದುಗಳಾದವು. ಒಂದೊಂದು ಚಿತ್ರಕ್ಕೆ ಸಿಗುವ ಕಾಲ 14 ಮಿಲಿಸೆಕೆಂಡಿಗೂ ಕಡಿಮೆ. ಇದು ತಪ್ಪಿದರೆ ದೃಶ್ಯ ಎಳೆದಾಡುತ್ತದೆ, ನೋಡುವವರಿಗೆ ಹೊಟ್ಟೆ ತೊಳಸುತ್ತದೆ.

ಎರಡು ಸಲವೋ, ಒಂದೇ ಸಲವೋ

‘ಮಲ್ಟಿ ಪಾಸ್’ ಕ್ರಮದಲ್ಲಿ ಎಡಗಣ್ಣಿಗೊಮ್ಮೆ, ಬಲಗಣ್ಣಿಗೊಮ್ಮೆ ಇಡೀ ದೃಶ್ಯ ರಚನೆಯಾಗುತ್ತದೆ. ‘ಸಿಂಗಲ್ ಪಾಸ್’ ಕ್ರಮದಲ್ಲಿ ಸಿಪಿಯು ಒಂದೇ ಆದೇಶ ಕೊಟ್ಟು, ಚಿತ್ರ ರಚಿಸುವ ಜಿಪಿಯುವಿನಿಂದ ಎರಡೂ ಕಣ್ಣಿನ ಚಿತ್ರ ಬರೆಸುತ್ತದೆ. ಕಡಿಮೆ ಶಕ್ತಿಯ ಸಾಧನಕ್ಕೆ ಎರಡನೆಯದೇ ಸರಿ ಎಂಬುದು ಸಾಮಾನ್ಯ ಸಲಹೆ, ಅದು ಬಹುಮಟ್ಟಿಗೆ ನಿಜವೂ ಹೌದು. ಆದರೆ ಬಿಂದುಗಳ ಬಣ್ಣ ಲೆಕ್ಕ ಹಾಕುವ ಹಳೆಯ ಶೇಡರ್‌ಗಳು ಈ ಕ್ರಮಕ್ಕೆ ಒಗ್ಗದಿದ್ದಾಗ ವಿಚಿತ್ರ ದೋಷವೊಂದು ತಲೆದೋರುತ್ತದೆ: ಮಂಜು ಎಡಗಣ್ಣಿಗೆ ಮಾತ್ರ ಕಾಣುತ್ತದೆ, ಬಲಗಣ್ಣಿನ ಪಾಲಿಗೆ ಬೆಟ್ಟ ನಿಚ್ಚಳ. ನೋಡುವವರಿಗೆ ಏನು ತಪ್ಪಾಗಿದೆಯೆಂದು ಹೇಳಲು ಬಾರದು, ಕಣ್ಣು ಮಾತ್ರ ನೋಯುತ್ತದೆ.

ಇನ್ನೊಂದು ಸಂಗತಿಯೂ ಇದೆ. ಸಿಂಗಲ್ ಪಾಸ್ ಉಳಿಸುವುದು ಮುಖ್ಯವಾಗಿ ಸಿಪಿಯುವಿನ ಶ್ರಮವನ್ನು. ತುಂಬಬೇಕಾದ ಬಿಂದುಗಳು ಅಷ್ಟೇ ಉಳಿಯುತ್ತವೆ. ಹಂಪಿಯ ಕಲ್ಲುಕಂಬ ಅಪಾರದರ್ಶಕ. ಅದರ ಹಿಂದಿರುವುದನ್ನು ಜಿಪಿಯು ಬರೆಯದೆ ಬಿಡಬಹುದು. ಮಂಜಿನ ಪದರಗಳಲ್ಲಿ ಆ ಸವಲತ್ತಿಲ್ಲ, ಒಂದೇ ಬಿಂದುವಿಗೆ ಮತ್ತೆ ಮತ್ತೆ ಬಣ್ಣ ಬಳಿಯಬೇಕು. ಆದ್ದರಿಂದ ಸ್ಮಾರಕಕ್ಕೆ ಹೊಂದಿದ ಸೆಟ್ಟಿಂಗ್ ಮಳೆಕಾಡಿಗೂ ಹೊಂದೀತೆಂಬ ನಂಬಿಕೆಗೆ ಆಧಾರವಿಲ್ಲ. ಕಾಡಿಗೆ ಬೇಕಾದದ್ದು ಪದರಗಳ ಮಿತವ್ಯಯ, ಮತ್ತು ದೃಷ್ಟಿಯ ನಡುಭಾಗವನ್ನು ಸೂಕ್ಷ್ಮವಾಗಿ, ಅಂಚನ್ನು ಒರಟಾಗಿ ಬರೆಯುವ ‘ಫೋವಿಯೇಟೆಡ್’ ಕ್ರಮ.

ಕಪ್ಪು ಕಾಣದ ಕನ್ನಡಕ

2019ರಲ್ಲಿ ಬಂದ ‘ಓಪನ್ ಎಕ್ಸ್‌ಆರ್’ ಮಾನದಂಡ, ಹೊರಗಿನ ಜಗತ್ತಿನೊಂದಿಗೆ ಚಿತ್ರ ಬೆರೆಯುವ ಮೂರು ಬಗೆಯನ್ನು ಗುರುತಿಸುತ್ತದೆ: ಹೊರಗಿನದನ್ನು ಪೂರ್ತಿ ಮುಚ್ಚುವುದು, ಅದರ ಮೇಲೆ ಬೆಳಕು ಕೂಡಿಸುವುದು, ಪಾರದರ್ಶಕತೆಯ ಪ್ರಮಾಣದಂತೆ ಬೆರೆಸುವುದು. ಎರಡನೆಯ ಬಗೆಯ ಪಾರದರ್ಶಕ ಕನ್ನಡಕಗಳು ಬೆಳಕನ್ನು ಸೇರಿಸಬಲ್ಲವು, ಕಳೆಯಲಾರವು. ಕಪ್ಪೆಂದರೆ ಅಲ್ಲಿ ಬೆಳಕಿಲ್ಲ, ಅಂದರೆ ಚಿತ್ರವೇ ಇಲ್ಲ. ಒಣಗಿದ ಕರಿಮೆಣಸಿನ ಕಾಳನ್ನು ಅದರಲ್ಲಿ ತೋರಿಸಹೊರಟರೆ ಕಾಳು ಮಾಯವಾಗಿ, ಸುಕ್ಕುಗಳ ಮೇಲಿನ ಹೊಳಪಷ್ಟೇ ಗಾಳಿಯಲ್ಲಿ ತೇಲೀತು! ಅಡಿಕೆಯ ಹಳದಿ ಎಲೆ ರೋಗದಂಥ, ಬಣ್ಣವೇ ಲಕ್ಷಣವಾದ ವಿಷಯವನ್ನು ತೋಟದ ಬಿಸಿಲಿನಲ್ಲಿ ಹೀಗೆ ಕಲಿಸುವುದೂ ಕಷ್ಟ. ಹಿಂದಿನ ಹಸಿರು ಚಿತ್ರದ ಹಳದಿಯೊಳಗೆ ಬೆರೆತುಹೋಗುತ್ತದೆ. ಕ್ಯಾಮೆರಾ ಮೂಲಕ ಹೊರಜಗತ್ತನ್ನು ತೋರಿಸುವ ಮಿಶ್ರ ವಾಸ್ತವದ ಸಾಧನದಲ್ಲಿ ಕಪ್ಪು ಕಪ್ಪಾಗಿಯೇ ಉಳಿಯುತ್ತದೆ. ಆದರೆ ನೋಡುವವರು ಪೂರ್ತಿ ಕ್ಯಾಮೆರಾವನ್ನೇ ನಂಬಬೇಕು, ಬ್ಯಾಟರಿಯೂ ಬೇಗ ಕರಗುತ್ತದೆ.

ದೂರದ ಸರ್ವರ್

ಭಾರವನ್ನೆಲ್ಲ ನಗರದ ಸರ್ವರ್‌ಗೆ ವಹಿಸಿ, ಸಿದ್ಧ ಚಿತ್ರವನ್ನು ಜಾಲದ ಮೂಲಕ ತರಿಸಿಕೊಳ್ಳಬಹುದೆಂಬ ವಾದವಿದೆ. ಅಗ್ಗದ ಸಾಧನದಲ್ಲೂ ಉತ್ಕೃಷ್ಟ ಚಿತ್ರ ಸಿಗುತ್ತದೆಂಬುದು ಅದರ ಬಲ. ಆದರೆ ತಲೆಯ ಚಲನೆಗೂ ಚಿತ್ರಕ್ಕೂ ನಡುವಿನ ಅಂತರ 20 ಮಿಲಿಸೆಕೆಂಡಿನ ಆಸುಪಾಸಿನಲ್ಲಿರಬೇಕು ಎಂಬುದು ಈ ಕ್ಷೇತ್ರದ ರೂಢಿಯ ಮಿತಿ. ತಡವಾಗಿ ಬಂದ ಚಿತ್ರವನ್ನು ತಲೆಯ ಹೊಸ ದಿಕ್ಕಿಗೆ ಹೊಂದಿಸುವ ತಂತ್ರ ಒಂದಿಷ್ಟು ನೆರವಾದರೂ, ಮರ ಬಿದ್ದು ಕರೆಂಟು ಹೋಗುವ, ಸಿಗ್ನಲ್ ಕೈಕೊಡುವ ಕರಿಕೆಯಂಥ ಗಡಿಯ ಬೆಟ್ಟಸೀಮೆಯಲ್ಲಿ ಪಾಠವನ್ನೇ ಜಾಲಕ್ಕೆ ಒಪ್ಪಿಸುವುದು ವಿವೇಕವಲ್ಲ.

ಸಾಧನದೊಳಗೇ ಚಿತ್ರ ರಚಿಸುವುದು, ನೆರಳು–ಬೆಳಕನ್ನು ಮೊದಲೇ ಲೆಕ್ಕ ಹಾಕಿ ಚಿತ್ರಕ್ಕೆ ಅಂಟಿಸಿಡುವುದು, ಸಿಂಗಲ್ ಪಾಸನ್ನು ಎರಡೂ ಕಣ್ಣಿನಲ್ಲಿ ಪರಿಶೀಲಿಸಿದ ಮೇಲಷ್ಟೇ ಒಪ್ಪುವುದು ಕರಿಕೆಯಂಥ ಊರಿಗೆ ಸದ್ಯಕ್ಕೆ ಹೆಚ್ಚು ಸೂಕ್ತವೆನಿಸುತ್ತದೆ. ಇದರಿಂದ ಚಿತ್ರದ ಬೆಡಗು ಕಡಿಮೆಯಾಗುವುದು ನಿಜ. ಆದರೆ ಇಂಥ ಸಾಧನಗಳ ಖರೀದಿಯ ಷರತ್ತುಗಳಲ್ಲಿ ಅವುಗಳ ಸಂಖ್ಯೆ ಮತ್ತು ದರದ ಜೊತೆಗೆ, ಸಾಧನ ಜಾಲವಿಲ್ಲದೆ ಸೆಕೆಂಡಿಗೆ 72 ಚಿತ್ರಗಳ ವೇಗ ಉಳಿಸಿಕೊಳ್ಳಬಲ್ಲದೇ ಎಂಬ ಒಂದು ಸಾಲು ಸೇರಿಸಲು ಹೆಚ್ಚುವರಿ ಹಣವೇನೂ ಬೇಕಿಲ್ಲ.