ಕುರ್ಚಿಯ ಬೆಲೆ

ಬೆಂಗಳೂರಿನ ಬಸವನಗುಡಿಗೆ ಗಾಂಧಿಬಜಾರೇ ಅಂಗಳ. ಹೂವು, ಹಣ್ಣು, ಗ್ರಂಧಿಗೆ ಸಾಮಾನುಗಳ ನಡುವೆ ಅಲ್ಲಿ ತಿಂಡಿಗೂ ಮರ್ಯಾದೆಯ ಸ್ಥಾನವುಂಟು. 1943ರಲ್ಲಿ ಆರಂಭವಾದ ವಿದ್ಯಾರ್ಥಿ ಭವನವು, ಹೆಸರೇ ಹೇಳುವಂತೆ, ಸುತ್ತಲಿನ ವಿದ್ಯಾರ್ಥಿಗಳನ್ನು ನೆಚ್ಚಿ ಹುಟ್ಟಿದ್ದು. ಮಾಣಿಯ ತೋಳಿನುದ್ದಕ್ಕೂ ಪೇರಿಸಿದ ದೋಸೆಯ ತಟ್ಟೆಗಳಿಗಾಗಿ ಸಾಹಿತಿಗಳೂ ಅಲ್ಲಿಗೆ ಬಂದರು. ಅವರ ರೇಖಾಚಿತ್ರಗಳು ಇಂದಿಗೂ ಅದರ ಗೋಡೆಯ ಮೇಲಿವೆ. ಕೆ. ಎಸ್. ನಿಸಾರ್ ಅಹಮದರು 1960ರಲ್ಲಿ ತಮ್ಮ ಮೊದಲ ಕವನಸಂಕಲನಕ್ಕೆ ‘ಮನಸು ಗಾಂಧಿಬಜಾರು’ ಎಂದು ಹೆಸರಿಟ್ಟುದು ಈ ಬೀದಿಗೆ ದೊರೆತ ಬಿರುದೇ ಸರಿ.

1983ರಲ್ಲಿ ನೆರೆಯ ಜಯನಗರದಲ್ಲಿ ‘ಕೆಫೆ ದರ್ಶಿನಿ’ ತೆರೆಯಿತು. ಮೊದಲು ಹಣ ತೆತ್ತು ಚೀಟಿ ಪಡೆದು, ತಟ್ಟೆಯನ್ನು ತಾವೇ ತಂದು, ನಿಂತೇ ತಿನ್ನುವ ಈ ಪದ್ಧತಿ ಬೇಗನೆ ನಗರವನ್ನೆಲ್ಲ ವ್ಯಾಪಿಸಿತು. ಕಿರಿದಾದ ಜಾಗ ಸಾಕು, ಮಾಣಿಗಳ ಸಂಬಳ ಉಳಿಯಿತು, ತಿಂಡಿ ಅಗ್ಗವಾಯಿತು. ಕೂಲಿಕಾರನೂ ಗುಮಾಸ್ತನೂ ಒಂದೇ ಮೇಜಿನ ಬಳಿ ನಿಂತರು. ಇದು ಸಣ್ಣ ಲಾಭವಲ್ಲ. ಆದರೆ ಕುರ್ಚಿಯೊಡನೆ ಹರಟೆಯೂ ಎದ್ದುಹೋಯಿತು. ಮೊಣಕಾಲು ಸೋತ ಹಿರಿಯರಿಗೆ ಅಲ್ಲಿ ಎಡೆಯಿಲ್ಲದಾಯಿತು.

ಈಗ ಈ ಬಡಾವಣೆಯ ಹೊಸ ಪಿಜ್ಜಾ, ಐಸ್‌ಕ್ರೀಮ್ ಮಳಿಗೆಗಳಲ್ಲಿ ಕುರ್ಚಿ ಮರಳಿದೆ, ಮೆತ್ತೆಯೊಡನೆ. ಅದರ ಬಾಡಿಗೆಯೂ ತಿನಿಸಿನ ಬೆಲೆಯೊಳಗೆ ಸೇರಿದೆ. ಅಗ್ಗದ ಕಾಫಿಗೆ ನಿಲ್ಲಬೇಕು. ಕೂರಬೇಕೆಂದರೆ ಹೆಚ್ಚು ತೆರಬೇಕು. ಬೀದಿಯ ಏಳಿಗೆಯನ್ನು ಅಳೆಯಲು ಹೊಸ ಫಲಕಗಳನ್ನೆಣಿಸಬೇಕಿಲ್ಲ. ನಿವೃತ್ತ ಗುಮಾಸ್ತನೊಬ್ಬನು ಮಿತ್ರನೊಡನೆ ‘ಬೈ ಟೂ’ ಕಾಫಿ ಹಂಚಿಕೊಂಡು ಅರ್ಧ ಗಂಟೆ ನೆಮ್ಮದಿಯಿಂದ ಕೂರಬಲ್ಲನೇ ಎಂದು ನೋಡಿದರೆ ಸಾಕು.