ಕೇಬಲ್ ಮೋಡೆಮ್ ಮಲೆನಾಡಿಗೇಕೆ ಬರಲಿಲ್ಲ?

ಶಿರಸಿ ಪೇಟೆಯ ಕಂಬಗಳ ಮೇಲಿನ ಕಪ್ಪು ಟಿ.ವಿ. ಕೇಬಲ್ಲನ್ನು ಗಮನಿಸಿರಿ: ನಡುವೆ ಒಂದೇ ತಂತಿ, ಸುತ್ತ ಬಿಳಿಯ ನಿರೋಧಕ, ಅದರ ಮೇಲೆ ಲೋಹದ ಜಾಲರಿ. ಇಂಥ ಕೇಬಲ್ಲಿನಲ್ಲಿಯೇ ಅಂತರ್ಜಾಲವನ್ನೂ ಹರಿಸಬಹುದೆಂಬುದನ್ನು 1990ರ ದಶಕದಲ್ಲಿ ಅಮೆರಿಕದ ತಂತ್ರಜ್ಞರು ಸಾಧಿಸಿ ತೋರಿಸಿದರಾದರೂ, ಲ್ಯಾನ್‌ಸಿಟಿ, ಜೆನಿತ್, ಮೊಟೊರೋಲಾ ಮೊದಲಾದ ಸಂಸ್ಥೆಗಳ ಮೋಡೆಮ್‌ಗಳು ಒಂದಕ್ಕೊಂದು ಹೊಂದದೆ ಇದ್ದುದರಿಂದ, ಒಂದೂರಿನಲ್ಲಿ ಕೊಂಡ ಯಂತ್ರವು ಇನ್ನೊಂದೂರಿನಲ್ಲಿ ನಿರುಪಯುಕ್ತವಾಗಿ, ಮಾರುಕಟ್ಟೆಯು ಕುಂಠಿತವಾಗಿದ್ದಿತು. 1997ರಲ್ಲಿ ಕೇಬಲ್‌ಲ್ಯಾಬ್ಸ್ ಸಂಸ್ಥೆಯು ಪ್ರಕಟಿಸಿದ ಡಾಕ್ಸಿಸ್ 1.0 ಎಂಬ ಏಕರೂಪ ಮಾನಕವು ಈ ತೊಡಕನ್ನು ಬಿಡಿಸಿತು. 1999ರಲ್ಲಿ ತೋಷಿಬಾ, ಥಾಮ್ಸನ್ ಸಂಸ್ಥೆಗಳ ಮೋಡೆಮ್‌ಗಳು ಮೊದಲ ಪ್ರಮಾಣಪತ್ರ ಪಡೆದವು. ಪ್ರತಿಸ್ಪರ್ಧಿಗಳೆಲ್ಲ ಒಂದೇ ನಿಯಮಕ್ಕೆ ಒಪ್ಪಿದುದು ವೇಗಕ್ಕಿಂತಲೂ ಹಿರಿದಾದ ಸಾಧನೆಯೆಂದೇ ನನ್ನ ಭಾವನೆ.

ಈ ಮಾನಕದಂತೆ, ಅಮೆರಿಕದ ಒಂದು ಟಿ.ವಿ. ಚಾನೆಲ್ಲಿನ 6 ಮೆಗಾಹರ್ಟ್ಸ್ ತೆರಪಿನಲ್ಲಿ ಸೆಕೆಂಡಿಗೆ ಸುಮಾರು 38 ಮೆಗಾಬಿಟ್ ಮಾಹಿತಿ ಇಳಿದುಬರಬಲ್ಲುದು. ಕೇರಿಯ ಮನೆಗಳೆಲ್ಲ ಅದನ್ನು ಹಂಚಿಕೊಳ್ಳಬೇಕು.

ಮನೆಗಳು ಒತ್ತೊತ್ತಾಗಿರುವ ಪೇಟೆಯಲ್ಲಿ ಇದು ನಡೆದೀತು. ಆದರೆ ಸಿದ್ದಾಪುರ, ಯಲ್ಲಾಪುರಗಳ ಹಳ್ಳಿಗಳಲ್ಲಿ ತೋಟದ ತಲೆಗೊಂದು ಮನೆ, ನಡುವೆ ಸೊಪ್ಪಿನ ಬೆಟ್ಟ. ದೂರ ಹೆಚ್ಚಿದಂತೆ ಕೇಬಲ್ಲಿನ ಸಂಕೇತ ಕ್ಷೀಣಿಸುವುದರಿಂದ ಅಲ್ಲಲ್ಲಿ ಬೂಸ್ಟರ್ ಬೇಕು, ಬೂಸ್ಟರಿಗೆ ಕರೆಂಟು ಬೇಕು, ಮಳೆಗಾಲದಲ್ಲಿ ಕರೆಂಟೆಲ್ಲಿ? ಮೇಲಾಗಿ, ಟಿ.ವಿ.ಗಾಗಿ ಹಾಕಿದ ಬೂಸ್ಟರುಗಳು ಸಾಮಾನ್ಯವಾಗಿ ಏಕಮುಖವಾದವು. ಮನೆಯಿಂದ ಹೊರಡುವ ಸಂದೇಶವನ್ನು ಅವು ಹಿಂದಕ್ಕೊಯ್ಯಲಾರವು. ಆದಕಾರಣ ನಮ್ಮ ರಾಜ್ಯದಲ್ಲಿ ಕೇಬಲ್ ಮೋಡೆಮ್ ಬೆಂಗಳೂರಿನಂಥ ನಗರಗಳಲ್ಲಿ ನೆಲೆಸಿತು. ನಮ್ಮ ಹಳ್ಳಿಗಳಿಗೆ ಮೊದಲು ದೂರವಾಣಿಯ ತಾಮ್ರದ ತಂತಿ, ಬಳಿಕ ನಡುವೆ ಬೂಸ್ಟರಿಲ್ಲದೆಯೇ 20 ಕಿಲೋಮೀಟರ್‌ವರೆಗೆ ಬೆಳಕನ್ನೊಯ್ಯಬಲ್ಲ ಫೈಬರ್ ಎಳೆ ಒದಗಿದವು.