ಪ್ಯಾನಲ್‌ಗೆ ಸಬ್ಸಿಡಿ ಇದೆ, ರೀಪರ್‌ಗೆ?

ಗುಬ್ಬಿ ಹತ್ತಿರ ನಮ್ಮಜ್ಜಿ ಮನೆ ಹೆಂಚಿನದು. ಕರೆಂಟ್ ಬಿಲ್ ಜಾಸ್ತಿ ಆಯ್ತು ಅಂತ ಮಾವ 3 ಕಿಲೋವ್ಯಾಟ್ ಸೋಲಾರ್‌ಗೆ ಕೊಟೇಶನ್ ತರಿಸಿದ್ರು. ಪ್ಯಾನಲ್, ಇನ್ವರ್ಟರ್, ಕೇಬಲ್, ಅರ್ಥಿಂಗ್, ಸ್ಟ್ರಕ್ಚರ್ ಎಲ್ಲವೂ ಅದರಲ್ಲಿತ್ತು. ಇವೆಲ್ಲ ಕೂರಬೇಕಾದ ಚಾವಣಿ ಬಗ್ಗೆ ಮಾತ್ರ ಒಂದು ಸಾಲೂ ಇರಲಿಲ್ಲ. ನಾಲ್ಕು ಹೆಂಚು ಎತ್ತಿ ನೋಡಿದರೆ ರೀಪರ್‌ಗೆ ಗೆದ್ದಲು ಹಿಡಿದು, ಬೆರಳಲ್ಲಿ ಒತ್ತಿದರೆ ಪುಡಿ ಉದುರುತ್ತಿತ್ತು.

ಇದು ನಮ್ಮೂರಿನ ತಾಪತ್ರಯ ಮಾತ್ರ ಅಲ್ಲ. ಅಮೆರಿಕದ ಮನೆಗಳಲ್ಲಿ ಜಂತೆಗಳ ಮೇಲೆ ಪ್ಲೈವುಡ್ ಥರದ ಹಲಗೆ ಹೊದಿಸಿ, ಅದರ ಮೇಲೆ ಹೊದಿಕೆ ಹಾಕ್ತಾರೆ. ಆ ಹಲಗೆಗೆ ಡೆಕಿಂಗ್ ಅಂತ ಹೆಸರು. ಹಳೇ ಹೊದಿಕೆ ಕಿತ್ತ ಮೇಲಷ್ಟೇ ಎಷ್ಟು ಹಲಗೆ ಕೊಳೆತಿದೆ ಅಂತ ಗೊತ್ತಾಗೋದು. ಹಾಗಾಗಿ ಅಲ್ಲೂ ಅದರ ಬಿಲ್ ಸಾಮಾನ್ಯವಾಗಿ ಬೇರೆ ಬರುತ್ತೆ. ನಮ್ಮಲ್ಲಿ ಆ ಕೆಲಸ ಮಾಡೋದು ತೊಲೆ, ಜಂತೆ, ರೀಪರ್.

ಈಗ ದುಡ್ಡಿನ ಲೆಕ್ಕ. 2024ರ ಫೆಬ್ರವರಿಯಲ್ಲಿ ಶುರುವಾದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ 1 ಕಿಲೋವ್ಯಾಟ್‌ಗೆ 30,000, 2ಕ್ಕೆ 60,000, 3 ಅಥವಾ ಅದಕ್ಕಿಂತ ಜಾಸ್ತಿಗೆ 78,000 ರೂಪಾಯಿ ಸಬ್ಸಿಡಿ. ಮೊದಲ ಎರಡು ಕಿಲೋವ್ಯಾಟ್‌ಗೆ ಬೆಲೆಯ ಶೇ. 60, ಮೂರನೆಯದಕ್ಕೆ ಶೇ. 40 ಅನ್ನೋದು ಇದರ ಹಿಂದಿನ ಲೆಕ್ಕ. ಹಿಂದಕ್ಕೆ ಗುಣಿಸಿದರೆ ಸರ್ಕಾರ ಹಿಡಿದಿರೋ ಬೆಲೆ 3 ಕಿಲೋವ್ಯಾಟ್‌ಗೆ 1,45,000. ಸಬ್ಸಿಡಿ ಕಳೆದರೆ ನಮ್ಮ ಕೈಯಿಂದ 67,000. (ಮಾರುಕಟ್ಟೆಯಲ್ಲಿ ಇದಕ್ಕಿಂತ ಜಾಸ್ತಿ ಕೇಳೋರೇ ಹೆಚ್ಚು, ಅದು ಬೇರೆ ಮಾತು.)

ಚಾವಣಿಗೆ ಬನ್ನಿ. ಕಿಲೋವ್ಯಾಟ್‌ಗೆ ಸುಮಾರು 100 ಚದರಡಿ ಜಾಗ ಅಂತ ವಾಡಿಕೆ ಲೆಕ್ಕ. ಅಂದರೆ 300 ಚದರಡಿ, 20 ಅಡಿ ಅಗಲ, ಇಳಿಜಾರಿನಲ್ಲಿ 15 ಅಡಿ. ಮಂಗಳೂರು ಹೆಂಚಿಗೆ ರೀಪರ್ ಸುಮಾರು ಒಂದಡಿಗೊಂದು ಬೇಕು. 15 ಸಾಲು, ಒಟ್ಟು 300 ಅಡಿ. ಎರಡಡಿಗೊಂದು ಜಂತೆ ಅಂದರೆ 11 ಜಂತೆ, ಅದರಲ್ಲಿ 5 ಹಾಳಾಗಿದೆ ಅಂದುಕೊಳ್ಳೋಣ, 75 ಅಡಿ. ಚದರ ಮೀಟರ್‌ಗೆ 15 ಹೆಂಚಿನಂತೆ 420 ಹೆಂಚು ಇಳಿಸಬೇಕು. ಇಳಿಸುವಾಗ 50 ಒಡೆಯುತ್ತೆ ಅಂತ ಹಿಡಿಯಿರಿ. ರೀಪರ್ ಅಡಿಗೆ 25, ಜಂತೆ ಅಡಿಗೆ 80, ಹೆಂಚಿಗೆ 40 ರೂಪಾಯಿ, ಇಬ್ಬರು ಬಡಗಿ ಇಬ್ಬರು ಆಳಿಗೆ ಮೂರು ದಿನದ ಕೂಲಿ 10,200 ಅಂತ ಹಾಕಿದರೆ 7,500 + 6,000 + 2,000 + 10,200 = 25,700 ರೂಪಾಯಿ. ಈ ದರಗಳು ಲೆಕ್ಕಕ್ಕೆ ನಾನು ಇಟ್ಟುಕೊಂಡಿದ್ದು. ನಿಮ್ಮೂರ ಸಾಮಿಲ್‌ನಲ್ಲಿ ಕೇಳಿ ಬದಲಾಯಿಸಿಕೊಳ್ಳಿ. ಆದರೆ 67 ಸಾವಿರ ಅಂದುಕೊಂಡಿದ್ದು 93 ಸಾವಿರದ ಹತ್ತಿರ ಹೋಯ್ತು ನೋಡಿ. ಈ ರಿಪೇರಿಗೆ ಸಬ್ಸಿಡಿ ಇಲ್ಲ.

"ಪ್ಯಾನಲ್ ಏನು ಮಹಾ ಭಾರ, ಹಳೇ ಜಂತೆನೇ ತಡೆಯುತ್ತೆ" ಅಂತ ಮಾವ. ಭಾರದ ವಿಷಯದಲ್ಲಿ ಅವರು ಹೇಳಿದ್ದು ತಪ್ಪಲ್ಲ. 540 ವ್ಯಾಟ್‌ನ ಪ್ಯಾನಲ್ ಒಂದು ಸುಮಾರು 28 ಕೆಜಿ, ಆರು ಸೇರಿ 170 ಕೆಜಿ. ಕೆಳಗಿನ ಹೆಂಚೇ ಸಾವಿರ ಕೆಜಿ ದಾಟುತ್ತೆ. ಭಯ ಇರೋದು ಗಾಳಿದು. ಐಎಸ್ 875ರ ಮೂರನೇ ಭಾಗದ ಪ್ರಕಾರ ನಮ್ಮ ಭಾಗಕ್ಕೆ ಗಾಳಿಯ ಮೂಲ ವೇಗ ಸೆಕೆಂಡಿಗೆ 33 ಮೀಟರ್. ಒತ್ತಡ 0.6 × 33 × 33, ಅಂದರೆ ಚದರ ಮೀಟರ್‌ಗೆ 650 ನ್ಯೂಟನ್, ಹೆಚ್ಚುಕಡಿಮೆ 66 ಕೆಜಿ. ಆರು ಪ್ಯಾನಲ್‌ನ ವಿಸ್ತೀರ್ಣ 15.5 ಚದರ ಮೀಟರ್. ಮನೆಯ ಆಕಾರ, ಪ್ಯಾನಲ್‌ನ ಓರೆ ನೋಡಿ ಗುಣಾಂಕ ಬದಲಾಗುತ್ತೆ. ಒಂದು ಅಂತಲೇ ಹಿಡಿದರೂ ಸಾವಿರ ಕೆಜಿಯಷ್ಟು ಬಲ ಮೇಲಕ್ಕೆ ಎಳೆಯುತ್ತೆ. ಮುಂಗಾರಿಗೆ ಮುಂಚೆ ಬೀಸೋ ಗಾಳಿ ತೆಂಗಿನ ಮರಾನೇ ಉರುಳಿಸೋದನ್ನ ಗುಬ್ಬಿ ಕಡೆಯವರಿಗೆ ಹೇಳಿಕೊಡಬೇಕಾಗಿಲ್ಲ. ಆ ಎಳೆತವನ್ನ ಹಿಡಿಯೋದು ಬೋಲ್ಟು, ಬೋಲ್ಟನ್ನ ಹಿಡಿಯೋದು ಜಂತೆ. ಅದಕ್ಕೇ ಬೋಲ್ಟ್ ರೀಪರ್‌ಗೆ ಅಲ್ಲ, ಗಟ್ಟಿ ಜಂತೆಗೆ ಬೀಳಬೇಕು.

ಕುಣಿಗಲ್ ಕಡೆ ನಮ್ಮ ಕ್ಲಾಸ್‌ಮೇಟ್ ಒಬ್ಬನ ಮನೆಗೆ ಸಿಮೆಂಟ್ ಶೀಟು. ಅದರ ಮೇಲೆ ಕಾಲಿಡೋದೇ ಅಪಾಯ, ತೂತು ಕೊರೆದರೆ ಬಿರುಕು. ಅಲ್ಲಿ ಶೀಟ್ ಬದಲಿಸಿ ತಗಡು ಹಾಕೋದು, ಇಲ್ಲಾ ಗೋಡೆಯಿಂದಲೇ ಕಬ್ಬಿಣದ ಕಂಬ ಎಬ್ಬಿಸೋದು. ತಗಡು ಹಾಕಿದರೆ ಇನ್ನೊಂದು ವಿಷಯ ನೆನಪಿರಲಿ: ಹೆಂಚಿನ ಭಾರವೇ ಚಾವಣಿಯನ್ನ ಗಾಳಿಗೆ ಹಾರದಂತೆ ಒತ್ತಿ ಹಿಡಿದಿರುತ್ತೆ. ತಗಡಿಗೆ ಆ ಭಾರ ಇಲ್ಲ, ತೊಲೆಯನ್ನ ಗೋಡೆಗೆ ಬಿಗಿಯಲೇಬೇಕು.

ತುಮಕೂರು ಸಿಟಿಯ ಆರ್‌ಸಿಸಿ ಮನೆಗಳಿಗೆ ಈ ಗೋಳಿಲ್ಲ, ಅಲ್ಲಿರೋದು ಸೋರಿಕೆ. ಐದಿಂಚಿನ ಸ್ಲ್ಯಾಬ್ ಒಂದು ಚದರ ಮೀಟರ್‌ಗೇ 300 ಕೆಜಿ ಮೇಲೆ ತೂಗುತ್ತೆ, ಪ್ಯಾನಲ್ ಅದಕ್ಕೆ ಲೆಕ್ಕಕ್ಕಿಲ್ಲ. ಆದರೆ ಪ್ಯಾನಲ್ 25 ವರ್ಷ ಇರುತ್ತೆ, ಮೇಲೆ ಬಳಿಯೋ ವಾಟರ್‌ಪ್ರೂಫಿಂಗ್ ಅಷ್ಟು ವರ್ಷ ಬಾಳಲ್ಲ. ಸೋರಿಕೆ ಇದ್ದರೆ ಮೊದಲೇ ಮುಗಿಸಿ, ಮತ್ತೆ ಬಳಿಯೋಕೆ ಆಳು ಬಗ್ಗಿ ಹೋಗುವಷ್ಟು ಎತ್ತರ ಬಿಟ್ಟು ಸ್ಟ್ರಕ್ಚರ್ ನಿಲ್ಲಿಸಿ. ಇಲ್ಲದಿದ್ದರೆ ಬಿಚ್ಚಿಸೋಕೊಂದು ಕೂಲಿ, ಮತ್ತೆ ಕೂರಿಸೋಕೊಂದು ಕೂಲಿ.

ಗೃಹಜ್ಯೋತಿಯಲ್ಲಿ ಬಿಲ್ ಸೊನ್ನೆ ಬರ್ತಿದ್ದರೆ ಸೋಲಾರ್‌ನಿಂದ ಉಳಿಯೋದು ಕಮ್ಮಿ. ಅಂಥೋರು ಆ ದುಡ್ಡಲ್ಲಿ ರೀಪರ್ ಬದಲಿಸಿಕೊಂಡರೆ ಸಾಕು ಅಂತ ನನ್ನ ಅಭಿಪ್ರಾಯ. ಮಾವನ ಮನೆ ಬಿಲ್ ಹಾಗಿಲ್ಲ. ಅವರು ಕೊಟೇಶನ್ ಪಕ್ಕಕ್ಕಿಟ್ಟು ಮೊದಲು ಬಡಗಿಯನ್ನ ಕರೆಸಿದ್ದಾರೆ. ದಕ್ಷಿಣದ ಇಳಿಜಾರಿನ ಹೆಂಚು ಪೂರ್ತಿ ಇಳಿಸಿ, ಜಂತೆ ಒಂದೊಂದನ್ನೂ ಉಳಿಯಲ್ಲಿ ಚುಚ್ಚಿ ನೋಡಿದ ಮೇಲೆ ಬೆಸ್ಕಾಂಗೆ ಅರ್ಜಿ.